ಸಾದಾ ಪ್ಯಾಕ್ ಬಂದರೆ ಸಿಗರೇಟು ಸೇದೋದು ಕಡಿಮೆ ಆಗುತ್ತಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕೊಪ್ಪಳದಲ್ಲಿ ಪಿಯು ಕಾಲೇಜಿನ ಮೇಷ್ಟ್ರು. ಬಿಡುವು ಸಿಕ್ಕಾಗ ಸುತ್ತಲಿನ ಹೈಸ್ಕೂಲು, ಐಟಿಐಗಳಿಗೆ, ಗಿಣಿಗೇರಿ ಕಡೆ ಕಾರ್ಖಾನೆ ಹುಡುಗರು ಇರುವ ರೂಮುಗಳಿಗೆ ಹೋಗಿ ತಂಬಾಕಿನ ಬಗ್ಗೆ ಮಾತಾಡುತ್ತೇನೆ. ಹೋದಲ್ಲೆಲ್ಲ ಮೊಬೈಲಿನಲ್ಲಿ ಒಂದು ಫೋಟೊ ತೋರಿಸುತ್ತೇನೆ. ಆಸ್ಟ್ರೇಲಿಯಾದಲ್ಲಿ ಮಾರುವ ಸಿಗರೇಟ್ ಪ್ಯಾಕ್ ಅದು. ಕೆಸರಿನ ಬಣ್ಣ, ಅದರ ಮೇಲೆ ರೋಗದ ದೊಡ್ಡ ಚಿತ್ರ, ಕೆಳಗೆ ಸಣ್ಣ ಅಕ್ಷರದಲ್ಲಿ ಕಂಪನಿ ಹೆಸರು. ನೋಡಿದ ಕೂಡಲೇ ಪ್ರಶ್ನೆಗಳು ಶುರುವಾಗುತ್ತವೆ. ಜಾಸ್ತಿ ಸಲ ಕೇಳಿದವಕ್ಕೆ ಇಲ್ಲಿ ಉತ್ತರ ಬರೆದಿದ್ದೇನೆ.

ಸಾದಾ ಪ್ಯಾಕ್ ಅಂದರೆ ಏನು?

ಯಾವ ಕಂಪನಿಯ ಸಿಗರೇಟೇ ಆಗಲಿ, ಪ್ಯಾಕ್ ಮಾತ್ರ ಒಂದೇ ಥರ ಇರಬೇಕು ಅನ್ನುವ ಕಾನೂನು. ಲೋಗೊ ಇಲ್ಲ, ಬಂಗಾರದ ಗೆರೆ ಇಲ್ಲ, ಹೊಳಪಿಲ್ಲ, ಕಂಪನಿಯ ಬಣ್ಣ ಇಲ್ಲ. ಹೆಸರು ಬರೆಯಬಹುದು. ಆದರೆ ಎಲ್ಲರೂ ಒಂದೇ ಅಕ್ಷರಶೈಲಿಯಲ್ಲಿ, ಒಂದೇ ಅಳತೆಯಲ್ಲಿ, ಸರ್ಕಾರ ಹೇಳಿದ ಜಾಗದಲ್ಲೇ ಬರೆಯಬೇಕು. ಉಳಿದ ಜಾಗವೆಲ್ಲ ರೋಗದ ಚಿತ್ರಕ್ಕೆ, ಎಚ್ಚರಿಕೆಗೆ.

ಇದನ್ನು ಮೊದಲು ಮಾಡಿದ್ದು ಆಸ್ಟ್ರೇಲಿಯಾ. 2011ರಲ್ಲಿ ಕಾನೂನು ಆಯಿತು. 2012ರ ಡಿಸೆಂಬರ್ 1ರಿಂದ ಅಂಗಡಿಯಲ್ಲಿ ಬೇರೆ ಥರದ ಪ್ಯಾಕ್ ಮಾರುವಂತಿಲ್ಲ ಅಂತಾಯಿತು. ಆ ಬಣ್ಣವನ್ನೂ ಸುಮ್ನೆ ಆರಿಸಲಿಲ್ಲ. ಸೇದುವವರಿಗೇ ಬೇರೆ ಬೇರೆ ಬಣ್ಣ ತೋರಿಸಿ, ಯಾವುದನ್ನು ನೋಡಿದರೆ ಮನಸ್ಸಿಗೆ ಹಿಡಿಸುವುದಿಲ್ಲ ಅಂತ ಕೇಳಿದರು. ಕೊನೆಗೆ ಉಳಿದದ್ದು ಕಪ್ಪು ಕಂದು. ಮಳೆಗಾಲದಲ್ಲಿ ಎತ್ತಿನ ಗಾಡಿ ಓಡಾಡಿದ ದಾರಿಯ ಕೆಸರಿನ ಬಣ್ಣ ಅಂದರೆ ನಿಮಗೆ ಗೊತ್ತಾಗುತ್ತದೆ.

ನಮ್ಮ ಪ್ಯಾಕಿನ ಮೇಲೂ ಹೆದರಿಸುವ ಚಿತ್ರ ಇದೆಯಲ್ಲ ಸರ್, ಅದೇ ಅಲ್ವಾ ಇದು?

ಅರ್ಧ ಅದೇ, ಅರ್ಧ ಅಲ್ಲ. ನಮ್ಮಲ್ಲಿ 2016ರ ಏಪ್ರಿಲ್ 1ರಿಂದ ಪ್ಯಾಕಿನ ಎರಡೂ ಮುಖದಲ್ಲಿ ನೂರಕ್ಕೆ 85 ಭಾಗ ಎಚ್ಚರಿಕೆ ಇರಲೇಬೇಕು. 60 ಭಾಗ ಚಿತ್ರ, 25 ಭಾಗ ಬರಹ. ಇದು ಜಗತ್ತಿನಲ್ಲೇ ದೊಡ್ಡ ಎಚ್ಚರಿಕೆಗಳಲ್ಲಿ ಒಂದು. ಇದು ನಮಗೆ ಹೆಮ್ಮೆಯ ವಿಷಯ.

ಆದರೆ ಉಳಿದ 15 ಭಾಗ, ಪಕ್ಕದ ಪಟ್ಟಿ, ಮೇಲಿನ ಮುಚ್ಚಳ, ಒಳಗಿನ ಹಾಳೆ, ಇವೆಲ್ಲ ಇನ್ನೂ ಕಂಪನಿಯ ಕೈಯಲ್ಲೇ ಇವೆ. ಕೊಪ್ಪಳ ಬಸ್ ನಿಲ್ದಾಣದ ಹತ್ತಿರ ಯಾವುದಾದರೂ ಪಾನ್‌ಶಾಪ್ ಮುಂದೆ ಒಂದು ನಿಮಿಷ ನಿಂತು ನೋಡಿ. ಪ್ಯಾಕುಗಳನ್ನು ರೋಗದ ಚಿತ್ರ ಕಾಣುವ ಹಾಗೆ ಇಟ್ಟಿರುವುದಿಲ್ಲ. ಪಕ್ಕದ ಪಟ್ಟಿ ಮುಂದೆ ಬರುವ ಹಾಗೆ, ಪುಸ್ತಕ ಜೋಡಿಸಿದ ಹಾಗೆ ನಿಲ್ಲಿಸಿರುತ್ತಾರೆ. ಕೆಂಪು, ನೀಲಿ, ಬಂಗಾರ, ಬೆಳ್ಳಿ ಸಾಲು. ಅದರ ಕೆಳಗೆ ಶಾಂಪೂ ಚೀಟಿ, ಚಾಕಲೇಟ್ ಡಬ್ಬಿ. ಆರು ವರ್ಷದ ಮಗುವಿನ ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಸಾದಾ ಪ್ಯಾಕ್ ಕಾನೂನು ಆ ಸಾಲನ್ನೇ ಕಂದು ಬಣ್ಣ ಮಾಡುತ್ತದೆ.

ನೇರವಾಗಿ ಹೇಳಿ. ಇದರಿಂದ ಸೇದುವವರು ಕಡಿಮೆ ಆಗಿದ್ದಾರಾ?

ಆಗಿದ್ದಾರೆ. ಸಾದಾ ಪ್ಯಾಕ್ ಒಂದೇ ದೊಡ್ಡ ಪವಾಡ ಮಾಡಿತು ಅಂತ ಯಾರಾದರೂ ಹೇಳಿದರೆ ಮಾತ್ರ ನಂಬಬೇಡಿ.

ಆಸ್ಟ್ರೇಲಿಯಾ ಸರ್ಕಾರ 2016ರಲ್ಲಿ ತನ್ನ ಕಾನೂನಿನ ಫಲ ಏನಾಯಿತು ಅಂತ ಪರಿಶೀಲನೆ ಮಾಡಿಸಿತು. 14 ವರ್ಷ ದಾಟಿದವರಲ್ಲಿ ಸೇದುವವರು 19.4 ಪರ್ಸೆಂಟ್‌ನಿಂದ 17.2ಕ್ಕೆ ಇಳಿದಿದ್ದರು. ಇದರಲ್ಲಿ ತೆರಿಗೆ ಏರಿದ್ದರ ಪಾಲು, ಬೇರೆ ಕಾರಣಗಳ ಪಾಲು ತೆಗೆದು ಲೆಕ್ಕ ಹಾಕಿದಾಗ, ಪ್ಯಾಕ್ ಬದಲಾದದ್ದರಿಂದ ಆದ ಇಳಿಕೆ 0.55 ಪರ್ಸೆಂಟ್ ಅಂಶ ಅಂತ ಬಂತು. ಅಂದರೆ ಒಟ್ಟು ಇಳಿಕೆಯಲ್ಲಿ ಸುಮಾರು ಕಾಲು ಭಾಗ. ಇದು 2012ರ ಡಿಸೆಂಬರ್‌ನಿಂದ 2015ರ ಸೆಪ್ಟೆಂಬರ್‌ವರೆಗಿನ 34 ತಿಂಗಳ ಮಾತು.

ಇಲ್ಲಿ ಒಂದು ವಿಷಯ ಮುಚ್ಚಿಡಬಾರದು. ಸಾದಾ ಪ್ಯಾಕ್ ಬಂದ ದಿನವೇ ಅಲ್ಲಿ ಎಚ್ಚರಿಕೆ ಚಿತ್ರವನ್ನೂ ದೊಡ್ಡದು ಮಾಡಿದರು. ಮುಂದಿನ ಮುಖದಲ್ಲಿ 30 ಪರ್ಸೆಂಟ್ ಇದ್ದದ್ದು 75 ಆಯಿತು. ಹಾಗಾಗಿ ಈ 0.55 ಅನ್ನುವುದು ಸಾದಾ ಬಣ್ಣ ಮತ್ತು ದೊಡ್ಡ ಚಿತ್ರ, ಎರಡೂ ಸೇರಿ ಮಾಡಿದ ಕೆಲಸ.

2017ರಲ್ಲಿ, ಆರೋಗ್ಯದ ಅಧ್ಯಯನಗಳನ್ನು ಒರೆಗೆ ಹಚ್ಚಿ ನೋಡುವ ಕಾಕ್ರೇನ್ ಸಂಸ್ಥೆ ಅಲ್ಲಿಯವರೆಗಿನ 51 ಅಧ್ಯಯನಗಳನ್ನು ಒಟ್ಟಿಗೆ ಇಟ್ಟುಕೊಂಡು ನೋಡಿತು. ಸಾದಾ ಪ್ಯಾಕ್ ಸೇದುವವರ ಸಂಖ್ಯೆ ಇಳಿಸಬಹುದು, ಆದರೆ ಅದಕ್ಕೆ ಇರುವ ಪುರಾವೆ ಇನ್ನೂ ಅಷ್ಟು ಗಟ್ಟಿ ಇಲ್ಲ ಅಂದಿತು. ಪ್ಯಾಕಿನ ಆಕರ್ಷಣೆ ಕಡಿಮೆ ಆಗುತ್ತದೆ ಅನ್ನುವುದು ಮಾತ್ರ ಅಧ್ಯಯನದಿಂದ ಅಧ್ಯಯನಕ್ಕೆ ಹೆಚ್ಚುಕಡಿಮೆ ಒಂದೇ ಥರ ಬಂದಿತ್ತು.

ಬರೀ ಅರ್ಧ ಪರ್ಸೆಂಟಾ? ಇಷ್ಟಕ್ಕೆ ಇಷ್ಟೆಲ್ಲ ಗದ್ದಲ ಯಾಕೆ?

ಗಿಣಿಗೇರಿಯಲ್ಲಿ ಒಬ್ಬ ಹುಡುಗ ಇದನ್ನೇ ಕೇಳಿದ. ಬೋರ್ಡ್ ಇರಲಿಲ್ಲ, ಗೋಡೆಯ ಮೇಲೇ ಬಳಪದಲ್ಲಿ ಲೆಕ್ಕ ಬರೆದು ತೋರಿಸಿದೆ. ಆಸ್ಟ್ರೇಲಿಯಾದಲ್ಲಿ 0.55 ಪರ್ಸೆಂಟ್ ಅಂದರೆ ಒಂದು ಲಕ್ಷಕ್ಕೂ ಮೇಲ್ಪಟ್ಟು ಜನ. 2011ರ ಜನಗಣತಿಯಲ್ಲಿ ನಮ್ಮ ಕೊಪ್ಪಳ ಪಟ್ಟಣದ ಜನಸಂಖ್ಯೆ ಸುಮಾರು 70 ಸಾವಿರ. ಅಂದರೆ ಇಡೀ ಕೊಪ್ಪಳ ಪಟ್ಟಣ, ಅದರ ಮೇಲೆ ಇನ್ನೂ ಒಂದಿಷ್ಟು ಹಳ್ಳಿ, ಎಲ್ಲ ಸೇರಿದಷ್ಟು ಜನ ಬೀಡಿ ಸಿಗರೇಟಿನಿಂದ ದೂರ ಉಳಿದ ಹಾಗೆ. ತಂಬಾಕು ತನ್ನನ್ನು ಬಿಡದವರಲ್ಲಿ ಅರ್ಧದಷ್ಟು ಜನರನ್ನು ಕೊಲ್ಲುತ್ತದೆ. ಈಗ ಹೇಳಿ, ಅದು ಸಣ್ಣ ಸಂಖ್ಯೆಯಾ?

ಇದಕ್ಕೆ ಸರ್ಕಾರಕ್ಕೆ ಆಗುವ ಖರ್ಚೂ ಕಡಿಮೆ. ಆಸ್ಪತ್ರೆ ಕಟ್ಟಬೇಕಿಲ್ಲ, ಮನೆ ಮನೆಗೆ ಜನ ಕಳಿಸಬೇಕಿಲ್ಲ. ಒಂದು ನಿಯಮ ಬರೆದು ಅಚ್ಚು ಹಾಕುವವರಿಗೆ ಕೊಡಬೇಕು, ಅಷ್ಟೇ.

ಪ್ಯಾಕ್ ಚೆಂದ ಇದೆ ಅಂತ ಯಾರಾದರೂ ಸೇದೋದು ಕಲಿತಾರಾ?

ಕಲಿತವರನ್ನು ಕೇಳಿದರೆ "ಇಲ್ಲ ಸರ್, ದೋಸ್ತ್ ಕೊಟ್ಟ, ಸೇದಿದೆ" ಅಂತಾರೆ. ಅದು ಸುಳ್ಳಲ್ಲ. ಆದರೆ ದೋಸ್ತ್ ಕೊಡುವುದಕ್ಕೆ ಎಷ್ಟೋ ವರ್ಷ ಮೊದಲೇ ಇನ್ನೊಂದು ಕೆಲಸ ನಡೆದಿರುತ್ತದೆ. ನನ್ನದೇ ಹೇಳುತ್ತೇನೆ.

ನಾನು ಗಂಗಾವತಿ ಹತ್ತಿರದ ಹಳ್ಳಿಯವನು. ನಾವು ಸಣ್ಣವರಿದ್ದಾಗ ಖಾಲಿ ಸಿಗರೇಟ್ ಪ್ಯಾಕ್ ಆಯುತ್ತಿದ್ದೆವು. ಬಸ್ ನಿಲ್ಲುವ ಜಾಗ, ಜಾತ್ರೆ ಮುಗಿದ ಮಾರನೇ ದಿನದ ಬಯಲು, ರೈಸ್ ಮಿಲ್ ಗೇಟಿನ ಮುಂದೆ. ಪ್ಯಾಕಿನ ಮುಂದಿನ ಮುಖ ಹರಿದು ಇಸ್ಪೀಟ್ ಎಲೆ ಹಾಗೆ ಮಾಡಿಕೊಂಡು, ನೆಲದ ಮೇಲೆ ಗೀಟು ಎಳೆದು, ಚಪ್ಪಟೆ ಕಲ್ಲಿನಿಂದ ಹೊಡೆಯುವ ಆಟ. ಒಂದೊಂದು ಪ್ಯಾಕಿಗೂ ಒಂದೊಂದು ಬೆಲೆ. ಎಲ್ಲರ ಹತ್ತಿರವೂ ಇರುವ ಹಳದಿ ಪ್ಯಾಕಿಗೆ ಐದು, ಕೆಂಪಿಗೆ ಐವತ್ತು, ಬಂಗಾರದ ಅಕ್ಷರ ಇದ್ದದ್ದಕ್ಕೆ ಐನೂರು. ಪಟ್ಟಣದಿಂದ ಯಾರೋ ತಂದ ಹೊರದೇಶದ ಪ್ಯಾಕ್ ಒಂದಿತ್ತು, ಅದಕ್ಕೆ ಸಾವಿರ. ಅದನ್ನು ನಾನು ಎರಡು ವರ್ಷ ಪಾಟಿಚೀಲದಲ್ಲಿ, ಪುಸ್ತಕದ ನಡುವೆ ಮಡಿಕೆ ಬೀಳದ ಹಾಗೆ ಇಟ್ಟುಕೊಂಡಿದ್ದೆ.

ನಮ್ಮಲ್ಲಿ ಅರ್ಧ ಹುಡುಗರಿಗೆ ಇಂಗ್ಲಿಷ್ ಅಕ್ಷರ ಇನ್ನೂ ಬರುತ್ತಿರಲಿಲ್ಲ. ಆದರೆ ಬಣ್ಣ ನೋಡಿ ಹೆಸರು ಹೇಳುತ್ತಿದ್ದೆವು. ಯಾವುದು ಕೂಲಿಯವರದು, ಯಾವುದು ಸಾಹುಕಾರರದು, ಯಾವುದನ್ನು ಸೇದಿದರೆ ಜನ ಮರ್ಯಾದೆ ಕೊಡುತ್ತಾರೆ, ಎಲ್ಲ ಗೊತ್ತಿತ್ತು. ಆ ಆಟ ಆಡಿದ ಏಳು ಜನರಲ್ಲಿ ಐದು ಜನ ಮುಂದೆ ಸೇದಿದರು. ಪ್ಯಾಕಿನಿಂದಲೇ ಸೇದಿದರು ಅಂತ ನಾನು ಪ್ರಮಾಣ ಮಾಡಿ ಹೇಳಲಾರೆ. ಆದರೆ ಎಲ್ಲ ಪ್ಯಾಕುಗಳೂ ಒಂದೇ ಕೆಸರು ಬಣ್ಣದವಾಗಿದ್ದರೆ ಆ ಆಟ ಹುಟ್ಟುತ್ತಲೇ ಇರಲಿಲ್ಲ. ಇಷ್ಟು ಮಾತ್ರ ಗಟ್ಟಿ.

2019ರ ಜಾಗತಿಕ ಯುವಜನ ತಂಬಾಕು ಸಮೀಕ್ಷೆ ಪ್ರಕಾರ ನಮ್ಮ ದೇಶದಲ್ಲಿ 13ರಿಂದ 15 ವರ್ಷದ ಶಾಲಾ ಮಕ್ಕಳಲ್ಲಿ 8.5 ಪರ್ಸೆಂಟ್ ಮಕ್ಕಳು ಯಾವುದಾದರೂ ತಂಬಾಕು ಬಳಸುತ್ತಾರೆ. ಸಿಗರೇಟು ಸೇದಿದವರಲ್ಲಿ 38 ಪರ್ಸೆಂಟ್ ಮಕ್ಕಳು ಹತ್ತು ವರ್ಷ ತುಂಬುವುದಕ್ಕೆ ಮೊದಲೇ ಸೇದಿದ್ದರು. ಬೀಡಿಯವರಲ್ಲಿ 47. ಹತ್ತು ವರ್ಷದ ಮಗು ಏನು ನೋಡಿ ಆರಿಸುತ್ತದೆ? ಬಣ್ಣ ನೋಡಿಯೇ ಅಲ್ವಾ?

ಈಗಾಗಲೇ ಸೇದುವವರ ಮೇಲೆ ಏನಾದರೂ ಪರಿಣಾಮ ಇದೆಯಾ?

ಇದೆ. ಸಾದಾ ಪ್ಯಾಕ್ ಬಂದ ಹೊಸದರಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದ ಒಂದು ಅಧ್ಯಯನದಲ್ಲಿ, ಕಂದು ಪ್ಯಾಕಿನಿಂದ ಸೇದುತ್ತಿದ್ದವರು ತಮ್ಮ ಸಿಗರೇಟು ಮೊದಲಿನಷ್ಟು ಚೆನ್ನಾಗಿಲ್ಲ, ತೃಪ್ತಿ ಕೊಡುತ್ತಿಲ್ಲ ಅಂದರು. ಪ್ಯಾಕ್ ಬದಲಾಯಿತು, ಅವರ ಬಾಯಿಗೆ ರುಚಿಯೂ ಬದಲಾದ ಹಾಗೆ ಅನಿಸಿತು. ಹೋಟೆಲುಗಳ ಹೊರಗೆ ಟೇಬಲ್ ಮೇಲೆ ಪ್ಯಾಕ್ ಇಟ್ಟುಕೊಂಡು ಕೂರುವುದೂ ಕಡಿಮೆ ಆಯಿತು.

ನನಗೆ ತುಂಬಾ ಮುಖ್ಯ ಅನಿಸುವುದು ಇನ್ನೊಂದು. ಅಲ್ಲಿನ ನ್ಯೂ ಸೌತ್ ವೇಲ್ಸ್ ಕಡೆ ಬಿಡಲು ಸಹಾಯ ಕೇಳಿ ಬರುವ ಫೋನ್ ಕರೆ ಆ ದಿನಗಳಲ್ಲಿ 78 ಪರ್ಸೆಂಟ್ ಜಾಸ್ತಿ ಆಯಿತು. ಫೋನ್ ಮಾಡಿದವರೆಲ್ಲ ಬಿಟ್ಟರು ಅಂತಲ್ಲ. ಆದರೆ ಬಿಡಬೇಕು ಅಂತ ಒಳಗೆ ಇದ್ದದ್ದು ಫೋನ್ ಹಿಡಿಯುವವರೆಗೆ ಬಂತು.

ಅಷ್ಟು ಸಣ್ಣ ವಿಷಯವಾದರೆ ಕಂಪನಿಗಳು ಕೋರ್ಟಿಗೆ ಯಾಕೆ ಹೋದವು?

ನನ್ನ ಪ್ರಕಾರ ಈ ಪ್ರಶ್ನೆಯಲ್ಲೇ ಉತ್ತರ ಇದೆ. ಪ್ಯಾಕಿನಿಂದ ವ್ಯಾಪಾರಕ್ಕೆ ಏನೂ ಆಗುವುದಿಲ್ಲ ಅನ್ನುವವರು ಅದನ್ನು ಉಳಿಸಿಕೊಳ್ಳಲು ಇಷ್ಟು ವರ್ಷ ಗುದ್ದಾಡುತ್ತಿರಲಿಲ್ಲ. ಆಸ್ಟ್ರೇಲಿಯಾದ ಹೈಕೋರ್ಟ್, ಅಂದರೆ ಅವರ ಅತಿ ದೊಡ್ಡ ಕೋರ್ಟ್, 2012ರ ಆಗಸ್ಟ್‌ನಲ್ಲಿ ಕಂಪನಿಗಳ ವಾದ ಒಪ್ಪಲಿಲ್ಲ. ಫಿಲಿಪ್ ಮಾರಿಸ್ ಕಂಪನಿ ಹಾಂಗ್‌ಕಾಂಗ್ ಜೊತೆಗಿನ ಹೂಡಿಕೆ ಒಪ್ಪಂದ ಹಿಡಿದುಕೊಂಡು ಇನ್ನೊಂದು ಕೇಸು ಹಾಕಿತು. ಅದು 2015ರ ಡಿಸೆಂಬರ್‌ನಲ್ಲಿ ಬಿದ್ದುಹೋಯಿತು. ಕ್ಯೂಬಾ, ಹೊಂಡುರಾಸ್, ಡೊಮಿನಿಕನ್ ರಿಪಬ್ಲಿಕ್, ಇಂಡೊನೇಷ್ಯಾ ದೇಶಗಳು ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಒಯ್ದವು. ಅಲ್ಲೂ 2018ರಲ್ಲಿ, ಮತ್ತೆ ಮೇಲ್ಮನವಿಯಲ್ಲಿ 2020ರಲ್ಲಿ, ಆಸ್ಟ್ರೇಲಿಯಾವೇ ಗೆದ್ದಿತು.

ಬೇರೆ ಯಾವ ದೇಶಗಳಲ್ಲಿ ಇದೆ?

ಬ್ರಿಟನ್, ಫ್ರಾನ್ಸ್, ಐರ್ಲೆಂಡ್, ನ್ಯೂಜಿಲೆಂಡ್, ನಾರ್ವೆ, ಕೆನಡಾ, ಟರ್ಕಿ, ಸೌದಿ ಅರೇಬಿಯಾ, ಸಿಂಗಾಪುರ, ಹೀಗೆ ಪಟ್ಟಿ ಬೆಳೆಯುತ್ತಲೇ ಇದೆ. ಏಷ್ಯಾದಲ್ಲಿ ಮೊದಲು ಮಾಡಿದ್ದು ಥಾಯ್ಲೆಂಡ್, 2019ರ ಸೆಪ್ಟೆಂಬರ್‌ನಲ್ಲಿ. ಅದು ಶ್ರೀಮಂತ ದೇಶವೇನಲ್ಲ. ಅಲ್ಲೂ ಗೂಡಂಗಡಿಗಳಿವೆ, ಅಲ್ಲೂ ಹೊಲದಲ್ಲಿ ದುಡಿಯುವವರು ಸೇದುತ್ತಾರೆ. "ಇದೆಲ್ಲ ಬಿಳಿಯರ ದೇಶಕ್ಕೆ ಸರಿ" ಅನ್ನುವವರಿಗೆ ನಾನು ಥಾಯ್ಲೆಂಡನ್ನೇ ತೋರಿಸುತ್ತೇನೆ.

ನಮ್ಮ ದೇಶದಲ್ಲಿ ಯಾಕೆ ಇನ್ನೂ ಬಂದಿಲ್ಲ?

ಮಾತು ಹೊಸದಲ್ಲ. 2014ರಲ್ಲೇ ಅಲಹಾಬಾದ್ ಹೈಕೋರ್ಟ್ ಸಾದಾ ಪ್ಯಾಕ್ ಬಗ್ಗೆ ಯೋಚಿಸಿ ಅಂತ ಸರ್ಕಾರಗಳಿಗೆ ಹೇಳಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ಒಪ್ಪಂದವನ್ನು ಭಾರತ 2004ರಲ್ಲೇ ಒಪ್ಪಿಕೊಂಡಿದೆ. ಅದರ ಮಾರ್ಗಸೂಚಿಯೂ ಇದನ್ನೇ ಮಾಡಿ ಅನ್ನುತ್ತದೆ.

ಆದರೆ 85 ಪರ್ಸೆಂಟ್ ಎಚ್ಚರಿಕೆ ಉಳಿಸಿಕೊಳ್ಳುವುದೇ ಎಷ್ಟು ಕಷ್ಟ ಆಯಿತು ನೋಡಿ. 2016ರ ಏಪ್ರಿಲ್‌ನಲ್ಲಿ ದೊಡ್ಡ ಕಂಪನಿಗಳು ಕಾರ್ಖಾನೆಗಳನ್ನೇ ಕೆಲವು ದಿನ ನಿಲ್ಲಿಸಿದವು. ಬೇರೆ ಬೇರೆ ರಾಜ್ಯಗಳಲ್ಲಿದ್ದ ಕೇಸುಗಳನ್ನು ಸುಪ್ರೀಂ ಕೋರ್ಟ್ ನಮ್ಮ ಕರ್ನಾಟಕ ಹೈಕೋರ್ಟಿಗೆ ಕಳಿಸಿತು. 2017ರ ಡಿಸೆಂಬರ್‌ನಲ್ಲಿ ನಮ್ಮ ಹೈಕೋರ್ಟ್ ಆ ನಿಯಮವನ್ನು ರದ್ದು ಮಾಡಿತು. ಎಚ್ಚರಿಕೆ 40 ಪರ್ಸೆಂಟಿಗೆ ಇಳಿದುಬಿಡುತ್ತದೆ ಅಂತ ಆಗ ಎದೆ ಹೊಡೆದುಕೊಂಡಿತ್ತು. 2018ರ ಜನವರಿ 8ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು, 85 ಉಳಿಯಿತು. ನೂರಕ್ಕೆ 85 ಬಿಟ್ಟುಕೊಡಲಿಕ್ಕೇ ಇಷ್ಟು ಹೋರಾಟ ಆದರೆ, ಉಳಿದ 15ನ್ನು ಸುಮ್ನೆ ಬಿಟ್ಟುಕೊಡುತ್ತಾರಾ?

ಸರ್, ನಮ್ಮೂರಲ್ಲಿ ಪ್ಯಾಕ್ ಯಾರು ಕೊಳ್ತಾರೆ? ಎಲ್ಲ ಒಂದೊಂದೇ ತಗೊಂಡು ಸೇದೋದು.

ನನ್ನನ್ನು ಮಾತಿಲ್ಲದ ಹಾಗೆ ನಿಲ್ಲಿಸಿದ ಪ್ರಶ್ನೆ ಇದು. ಕೇಳಿದವನು ಕುಷ್ಟಗಿ ಕಡೆಯ ಐಟಿಐ ಹುಡುಗ. ಅವನು ಹೇಳಿದ್ದು ನೂರಕ್ಕೆ ನೂರು ಸರಿ.

ಒಂದು ಸಂಜೆ ಕಾರ್ಖಾನೆ ಶಿಫ್ಟ್ ಬಿಡುವ ಹೊತ್ತಿಗೆ ರಸ್ತೆ ಬದಿಯ ಚಾದಂಗಡಿಯಲ್ಲಿ ಕೂತು ನೋಡಿದೆ. ಅಂಗಡಿಯವರು ಪ್ಯಾಕ್ ಒಡೆದು ಗಲ್ಲಾಪೆಟ್ಟಿಗೆ ಪಕ್ಕ ಇಟ್ಟಿದ್ದರು, ಮುಚ್ಚಳ ಹಿಂದಕ್ಕೆ ಮಡಚಿತ್ತು. ಹುಡುಗ ಬಂದ, ಎರಡು ಬೆರಳು ತೋರಿಸಿದ. ಬಾಯಿ ಬಿಟ್ಟು ಹೆಸರು ಹೇಳಲೂ ಇಲ್ಲ. ಅಂಗಡಿಯವರು ಪ್ಯಾಕ್ ಎತ್ತದೆ, ನೋಡದೆ, ಎರಡು ಸಿಗರೇಟು ಎಳೆದು ಕೊಟ್ಟರು. ಕಂಬಕ್ಕೆ ದಾರದಲ್ಲಿ ಲೈಟರ್ ತೂಗುಬಿಟ್ಟಿತ್ತು. ಹಚ್ಚಿಕೊಂಡ, ಒಂದನ್ನು ಗೆಳೆಯನಿಗೆ ಕೊಟ್ಟ, ಚಾ ಹೇಳಿದ. ಅಷ್ಟರಲ್ಲಿ ಅವನ ಕಣ್ಣಿಗೆ ರೋಗದ ಚಿತ್ರ ಬಿತ್ತಾ? ಇಲ್ಲ. 85 ಪರ್ಸೆಂಟ್ ಎಚ್ಚರಿಕೆ ಇದ್ದದ್ದು ಅಂಗಡಿಯವರ ಕಡೆಗೆ. ಸೇದಿದವನಿಗೆ ಸಿಕ್ಕಿದ್ದು ಬಿಳಿ ಕಾಗದದ ಕಡ್ಡಿ ಮಾತ್ರ. ಅರ್ಧ ಗಂಟೆಯಲ್ಲಿ ಇಪ್ಪತ್ತಕ್ಕೂ ಜಾಸ್ತಿ ಜನ ಬಂದರು. ಇಡೀ ಪ್ಯಾಕ್ ಕೇಳಿದವರು ಒಬ್ಬರು, ಅವರು ಲಾರಿ ಡ್ರೈವರ್.

ಆಸ್ಟ್ರೇಲಿಯಾದವರು ದಿನಕ್ಕೆ ಹತ್ತಾರು ಸಲ ಜೇಬಿನಿಂದ ಪ್ಯಾಕ್ ತೆಗೆಯುತ್ತಾರೆ, ಪ್ರತಿ ಸಲ ಅದನ್ನು ನೋಡುತ್ತಾರೆ. ಅಲ್ಲಿ ಆ ಕಾನೂನು ಕೆಲಸ ಮಾಡಿದ್ದು ಅದಕ್ಕೇ. ನಮ್ಮಲ್ಲಿ ಬಿಡಿ ಮಾರಾಟ ನಿಲ್ಲಿಸದೆ ಸಾದಾ ಪ್ಯಾಕ್ ತಂದರೆ ಅಂಗಡಿಯ ಬಣ್ಣದ ಸಾಲು ಅಳಿಸಿಹೋಗುತ್ತದೆ, ಸಣ್ಣ ಮಕ್ಕಳ ಮಟ್ಟಿಗೆ ಅದೂ ಒಳ್ಳೆಯದೇ. ಸೇದುವವನ ಕೈಗೆ ಮಾತ್ರ ಆ ಪ್ಯಾಕ್ ಹೋಗುವುದೇ ಇಲ್ಲ. ಎರಡೂ ಒಟ್ಟಿಗೆ ಆಗಬೇಕು. ನಮ್ಮ ಭಾಗದ ಮಟ್ಟಿಗೆ ನನಗೆ ಇದಕ್ಕಿಂತ ದೊಡ್ಡ ಮಾತು ಬೇರೆ ಇಲ್ಲ.

ಕೆನಡಾದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 2023ರಲ್ಲಿ ಜಾರಿಗೆ ಬಂದ ನಿಯಮದಲ್ಲಿ ಒಂದೊಂದು ಸಿಗರೇಟಿನ ಮೇಲೂ ಎಚ್ಚರಿಕೆ ಅಚ್ಚು ಹಾಕಲು ಹೇಳಿದರು. ಪ್ರತಿ ದಮ್ಮಿನಲ್ಲೂ ವಿಷ ಇದೆ ಅನ್ನುವ ಅರ್ಥದ ಸಾಲು, ಫಿಲ್ಟರ್ ಹತ್ತಿರದ ಕಾಗದದ ಮೇಲೆ. ಒಂದೊಂದೇ ಕೊಳ್ಳುವ ನಮ್ಮಂಥ ಊರುಗಳಿಗೆ ಅದು ಹೇಳಿ ಮಾಡಿಸಿದ ಹಾಗಿದೆ. ಕನ್ನಡದಲ್ಲೇ ಇದ್ದರೆ ಇನ್ನೂ ಒಳ್ಳೆಯದು.

ಬಿಡಿ ಸಿಗರೇಟು ಮಾರುವುದು ತಪ್ಪಾ? ಎಲ್ಲ ಕಡೆ ಮಾರ್ತಾರಲ್ಲ?

ಕರ್ನಾಟಕದಲ್ಲಿ ತಪ್ಪು. 2017ರಲ್ಲೇ ರಾಜ್ಯ ಸರ್ಕಾರ ಆದೇಶ ಮಾಡಿತ್ತು. ಈಗ ರಾಜ್ಯದ ತಿದ್ದುಪಡಿ ಕಾನೂನೇ ಇದೆ, 2025ರ ಮೇ ಕೊನೆಯಿಂದ ಜಾರಿಯಲ್ಲಿದೆ. ಬಿಡಿಯಾಗಿ ಮಾರುವಂತಿಲ್ಲ. 21 ವರ್ಷ ತುಂಬದವರಿಗೆ ಮಾರುವಂತಿಲ್ಲ, ಮೊದಲು ಇದು 18 ಇತ್ತು. ಶಾಲೆ ಕಾಲೇಜಿನಿಂದ 100 ಮೀಟರ್ ಒಳಗೆ ಮಾರುವಂತಿಲ್ಲ. ಸಾರ್ವಜನಿಕ ಜಾಗದಲ್ಲಿ ಸೇದಿದರೆ ದಂಡ 200 ರೂಪಾಯಿ ಇದ್ದದ್ದು 1000 ಆಗಿದೆ.

ಕಾನೂನು ಇದೆ, ನಡೆಯುತ್ತಿಲ್ಲ. ನಾನು ಮಾತಾಡಲು ಹೋದ ಒಂದು ಹೈಸ್ಕೂಲಿನ ಗೇಟಿನಿಂದ ಹೆಜ್ಜೆ ಎಣಿಸಿದೆ, ನಲವತ್ತು ಹೆಜ್ಜೆಗೆ ಅಂಗಡಿ ಸಿಕ್ಕಿತು. ಯೂನಿಫಾರ್ಮಿನಲ್ಲೇ ಇದ್ದ ಹುಡುಗನಿಗೆ ಒಂದು ಸಿಗರೇಟು ಕೊಟ್ಟರು. ಕೇಳಿದೆ. "ಏನ್ ಮಾಡೋದ್ರಿ ಸರ್, ನಾ ಕೊಡ್ಲಿಲ್ಲಂದ್ರ ಬಾಜೂ ಅಂಗಡ್ಯಾಗ ತಗೋತಾನ್ರಿ" ಅಂದರು. ಅವರು ಕೆಟ್ಟವರಲ್ಲ. ಆದರೆ ಆ ಹುಡುಗನಿಗೆ ಹದಿನಾಲ್ಕು ವರ್ಷ. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ಇಡೀ ಪ್ಯಾಕೇ ಕೊಳ್ಳಬೇಕು ಅಂತಾದರೆ ಅವನ ಜೇಬಿನಲ್ಲಿ ಅಷ್ಟು ದುಡ್ಡು ಇರುವುದಿಲ್ಲ. ಬ್ರಿಟನ್‌ನಲ್ಲಿ ಸಾದಾ ಪ್ಯಾಕ್ ಜೊತೆಗೇ 10 ಸಿಗರೇಟಿನ ಸಣ್ಣ ಪ್ಯಾಕನ್ನೂ ನಿಲ್ಲಿಸಿದರು. 2017ರ ಮೇ ತಿಂಗಳಿಂದ ಅಲ್ಲಿ 20ಕ್ಕಿಂತ ಕಡಿಮೆ ಇರುವ ಪ್ಯಾಕ್ ಮಾರುವಂತಿಲ್ಲ. ಮಕ್ಕಳ ಕೈಗೆಟುಕುವ ಬೆಲೆಯನ್ನೇ ಇಲ್ಲವಾಗಿಸಿದರು.

ಬೀಡಿಗೂ ಸಾದಾ ಪ್ಯಾಕ್ ಆಗುತ್ತಾ?

ಆಗಲೇಬೇಕು. ನಮ್ಮ ಭಾಗದಲ್ಲಿ ಹೊಲಕ್ಕೆ ಹೋಗುವವರು, ಹಮಾಲರು ಸೇದುವುದು ಬೀಡಿಯೇ. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ ದೇಶದಲ್ಲಿ ಬೀಡಿ ಸೇದುವವರು 7.7 ಪರ್ಸೆಂಟ್, ಸಿಗರೇಟು ಸೇದುವವರು 4. ಬೀಡಿ ಕಟ್ಟಿಗೂ ಚಿತ್ರ ಕಡ್ಡಾಯವೇ. ಆದರೆ ಕಟ್ಟು ಇರುವುದು ತಲೆಕೆಳಗಾದ ಗೋಪುರದ ಹಾಗೆ, ಕೆಳಗೆ ಸಣ್ಣ, ಮೇಲೆ ಅಗಲ. ತೆಳು ಕಾಗದ ಸುತ್ತಿ ಮಡಚಿದಾಗ ಚಿತ್ರ ಅರ್ಧ ಮಡಿಕೆಯೊಳಗೆ ಹೋಗುತ್ತದೆ, ಅಚ್ಚೂ ಮಸಿಮಸಿ. ಹೆಸರು, ಗುರುತು ಮಾತ್ರ ಎದ್ದು ಕಾಣುತ್ತವೆ. ಹಾಗಾಗಿ ಬೀಡಿಗೆ ಬರೀ ಬಣ್ಣ ತೆಗೆದರೆ ಸಾಲದು. ಕಟ್ಟಿನ ಆಕಾರ, ಕಾಗದ, ಅಚ್ಚು, ಎಲ್ಲದಕ್ಕೂ ನಿಯಮ ಬೇಕು.

ಬೀಡಿ ಸಿಗರೇಟಿನಷ್ಟು ಕೆಟ್ಟದ್ದಲ್ಲ, ಎಲೆಯದಲ್ವಾ ಅಂತ ತುಂಬಾ ಜನ ನಂಬಿದ್ದಾರೆ. ನಮ್ಮ ಕಾಕಾ ಕೂಡ ಹಾಗೇ ಅನ್ನುತ್ತಿದ್ದರು. ಗಂಗಾವತಿಯ ರೈಸ್ ಮಿಲ್‌ನಲ್ಲಿ ಮೂವತ್ತು ವರ್ಷ ಭತ್ತದ ಚೀಲ ಹೊತ್ತವರು. ಕೊನೆಗೆ ಮನೆಯ ಎರಡು ಮೆಟ್ಟಿಲು ಹತ್ತಲು ನಡುವೆ ಒಮ್ಮೆ ಕೂರುತ್ತಿದ್ದರು. ಬೀಡಿ ಬೇಗ ಆರುತ್ತದೆ, ಹಾಗಾಗಿ ಇನ್ನೂ ಜೋರಾಗಿ, ಮೇಲಿಂದ ಮೇಲೆ ಎಳೆಯಬೇಕು. ಹೊಗೆ ಅಷ್ಟೇ ಆಳಕ್ಕೆ ಇಳಿಯುತ್ತದೆ. ಸಿಗರೇಟು ಮಾತ್ರ ಸಾದಾ ಮಾಡಿ ಬೀಡಿ ಬಿಟ್ಟರೆ ಜನ ಬೀಡಿಗೆ ಹೋಗುತ್ತಾರೆ. ಅದರ ತೆರಿಗೆ, ಬೆಲೆ ಎರಡೂ ಮೊದಲೇ ಕಡಿಮೆ.

ಗುಟ್ಕಾ, ಜರ್ದಾ?

ಅವಕ್ಕೂ ಇದೇ ಮಾತು. ಅದೇ ಸಮೀಕ್ಷೆಯಲ್ಲಿ ಕರ್ನಾಟಕದಲ್ಲಿ ತಂಬಾಕು ಬಳಸುವವರು 22.8 ಪರ್ಸೆಂಟ್. ಸೇದುವವರು 8.8, ಜಗಿಯುವವರು, ತಿಕ್ಕುವವರು 16.3. ಹೊಗೆಗಿಂತ ಚೀಟಿಯೇ ನಮ್ಮಲ್ಲಿ ದೊಡ್ಡ ಸಮಸ್ಯೆ. ಗುಟ್ಕಾ 2013ರಿಂದ ರಾಜ್ಯದಲ್ಲಿ ನಿಷೇಧ. ಆದರೆ ಪಾನ್ ಮಸಾಲಾ ಚೀಟಿ ಒಂದು, ತಂಬಾಕಿನ ಚೀಟಿ ಇನ್ನೊಂದು ಅಂತ ಜೋಡಿಯಾಗಿ ತೂಗುಬಿಟ್ಟು ಮಾರುತ್ತಾರೆ. ಮಿನುಗುವ ಆ ಮಾಲೆ ಕಂದು ಬಣ್ಣ ಆದ ದಿನ ಅಂಗಡಿಯ ಮುಖವೇ ಬೇರೆ ಆಗುತ್ತದೆ.

ಎಲ್ಲ ಪ್ಯಾಕ್ ಒಂದೇ ಥರ ಆದರೆ ನಕಲಿ ಮಾಲು ಬರುವುದಿಲ್ವಾ?

ಕಂಪನಿಗಳು ಎಲ್ಲ ದೇಶದಲ್ಲೂ ಹೇಳುವ ಮಾತು ಇದು. ನಕಲಿ ಮಾಡುವವರಿಗೆ ಬಣ್ಣದ ಪ್ಯಾಕ್ ಮಾಡುವುದೇನೂ ಕಷ್ಟ ಅಲ್ಲ. ಈಗಲೂ ಮಾಡುತ್ತಿದ್ದಾರೆ. ಆಸ್ಟ್ರೇಲಿಯಾದಲ್ಲಿ ಈಚಿನ ವರ್ಷಗಳಲ್ಲಿ ಕಳ್ಳಮಾಲು ತುಂಬಾ ಜಾಸ್ತಿ ಆಗಿದೆ, ಅದು ನಿಜ, ಅದನ್ನು ಮುಚ್ಚಿಡಬಾರದು. ಆದರೆ ಅಲ್ಲಿ ಒಂದು ಪ್ಯಾಕಿನ ಬೆಲೆ 40 ಡಾಲರ್ ದಾಟಿದೆ. ಕಳ್ಳಮಾಲು ಕೊಳ್ಳುವವರು ಹೋಗುವುದು ಆ ಬೆಲೆ ತಪ್ಪಿಸಿಕೊಳ್ಳಲು. ಇದಕ್ಕೆ ಪ್ಯಾಕಿನ ಮೇಲೆ ಗುಪ್ತ ಗುರುತು ಹಾಕಬೇಕು, ಮಾರುವವರನ್ನು ಹಿಡಿಯಬೇಕು.

ಪಾನ್‌ಶಾಪ್‌ನವರ ಹೊಟ್ಟೆಪಾಡು?

ಇದನ್ನು ತಳ್ಳಿಹಾಕಿ ಮಾತಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ನಮ್ಮ ಓಣಿಯಲ್ಲೇ ಗಂಡ ತೀರಿಕೊಂಡ ಅಕ್ಕ ಒಬ್ಬರು ಡಬ್ಬಾ ಅಂಗಡಿ ಇಟ್ಟು ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದ್ದಾರೆ. ಸಾದಾ ಪ್ಯಾಕಿನಿಂದ ಅವರ ವ್ಯಾಪಾರ ಒಂದೇ ದಿನದಲ್ಲಿ ನಿಲ್ಲುವುದಿಲ್ಲ. ಸೇದುವವರು ಕಡಿಮೆ ಆಗುವುದು ವರ್ಷಗಳ ಮೇಲೆ. ಅಷ್ಟರಲ್ಲಿ ಚಾ, ಮಂಡಕ್ಕಿ ಮಿರ್ಚಿ, ರೀಚಾರ್ಜ್, ನೀರಿನ ಬಾಟಲಿ ಕಡೆಗೆ ವ್ಯಾಪಾರ ಹೊರಳಿಸಿಕೊಳ್ಳಲು ಸಮಯ ಇರುತ್ತದೆ. ಬಿಡಿ ಮಾರಾಟ ನಿಲ್ಲಿಸಿದರೆ ಹೊಡೆತ ಬೀಳುವುದು ನಿಜ. ಅಂಥವರಿಗೆ ಸಣ್ಣ ಸಾಲ, ಬೇರೆ ಮಾಲಿಗೆ ಸಹಾಯ ಸಿಗಬೇಕು. ದಂಡದ ರಸೀದಿ ಪುಸ್ತಕ ಹಿಡಿದುಕೊಂಡು ಹೋಗುವವರು ಅದನ್ನೂ ಜೊತೆಗೆ ಒಯ್ಯಲಿ.

ಬೆಲೆ ಏರಿಸಿದರೆ ಸಾಕಲ್ವಾ? ಪ್ಯಾಕ್ ಯಾಕೆ ಬದಲಾಯಿಸಬೇಕು?

ತೆರಿಗೆ ಎಲ್ಲಕ್ಕಿಂತ ಬಲವಾದ ದಾರಿ, ಒಪ್ಪುತ್ತೇನೆ. ಆದರೆ ಹತ್ತು ಸಿಗರೇಟಿನ ಪ್ಯಾಕಿಗೆ ಹತ್ತು ರೂಪಾಯಿ ಏರಿದರೂ ಒಂದೊಂದೇ ಕೊಳ್ಳುವವನಿಗೆ ಒಂದು ರೂಪಾಯಿ ಅಷ್ಟೇ ತಟ್ಟುತ್ತದೆ. ಮತ್ತೆ ನೋಡಿ, ಮಾತು ಬಿಡಿ ಮಾರಾಟಕ್ಕೇ ಬಂದು ನಿಂತಿತು.

ನಾನು ಸೇದ್ತೀನಿ, ಬಿಡ್ತೀನಿ, ಅದು ನನ್ನ ಇಷ್ಟ. ಸರ್ಕಾರಕ್ಕೇನು?

ನಿಮ್ಮ ಇಷ್ಟಕ್ಕೆ ಇಲ್ಲಿ ಯಾರೂ ಕೈ ಹಾಕುವುದಿಲ್ಲ. ಸಾದಾ ಪ್ಯಾಕ್ ಬಂದರೂ ಅದೇ ಸಿಗರೇಟು, ಅದೇ ಅಂಗಡಿ. ಹೋಗುವುದು ಕಂಪನಿಯ ಜಾಹೀರಾತು ಮಾತ್ರ. ಟಿವಿಯಲ್ಲಿ, ಪೇಪರಿನಲ್ಲಿ ತಂಬಾಕಿನ ಜಾಹೀರಾತು 2003ರ ಕಾನೂನಿನಿಂದಲೇ ಬಂದ್. ಅವರಿಗೆ ಉಳಿದ ದೊಡ್ಡ ಗೋಡೆ ಈ ಪ್ಯಾಕ್.

ಚಿತ್ರ ನೋಡಿ ಬಿಟ್ಟವರು ನಮ್ಮಲ್ಲಿ ಇದ್ದಾರಾ?

ಬಿಡಬೇಕು ಅಂತ ಯೋಚಿಸಿದವರು ತುಂಬಾ ಜನ. 2016-17ರ ಸಮೀಕ್ಷೆಯಲ್ಲಿ ಸಿಗರೇಟು ಸೇದುವವರಲ್ಲಿ 62 ಪರ್ಸೆಂಟ್, ಬೀಡಿಯವರಲ್ಲಿ 54 ಪರ್ಸೆಂಟ್ ಜನ ಪ್ಯಾಕಿನ ಮೇಲಿನ ಎಚ್ಚರಿಕೆ ನೋಡಿ ಬಿಡುವ ಯೋಚನೆ ಮಾಡಿದ್ದಾಗಿ ಹೇಳಿದರು. ಯೋಚನೆಯಿಂದ ಬಿಡುವವರೆಗೆ ದಾರಿ ದೂರ ಇದೆ. ಆ ದಾರಿಯಲ್ಲಿ ಕೈ ಹಿಡಿಯುವವರು ಬೇಕು.

ನನಗೆ ಬಿಡಬೇಕು ಅಂತ ಇದೆ. ಎಲ್ಲಿಗೆ ಹೋಗಲಿ?

ಪ್ಯಾಕಿನ ಮೇಲೇ ನಂಬರ್ ಇದೆ: 1800-11-2356. ದುಡ್ಡು ಬೀಳುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದರ ಕೇಂದ್ರ ಇದೆ, ಕನ್ನಡದಲ್ಲೇ ಮಾತಾಡಬಹುದು. ಒಂದೊಂದೇ ಸಿಗರೇಟು ಕೊಳ್ಳುವವರು ಈ ನಂಬರನ್ನು ಜೀವನದಲ್ಲಿ ಒಮ್ಮೆಯೂ ನೋಡಿರುವುದಿಲ್ಲ, ಅದಕ್ಕೇ ಇಲ್ಲಿ ಬರೆದಿದ್ದೇನೆ. ಜಿಲ್ಲಾ ಆಸ್ಪತ್ರೆಯಲ್ಲಿ ತಂಬಾಕು ಬಿಡಿಸುವ ಕೇಂದ್ರ ಎಲ್ಲಿದೆ ಅಂತ ಕೇಳಿ. ನಾಚಿಕೆ ಪಡಬೇಡಿ. ಮೊದಲ ಮೂರು ದಿನ ತುಂಬಾ ಕಷ್ಟ, ತಲೆ ಸಿಡಿಯುತ್ತದೆ, ಸುಮ್ಮಸುಮ್ಮನೆ ಸಿಟ್ಟು ಬರುತ್ತದೆ. ಮನೆಯವರಿಗೆ ಮೊದಲೇ ಹೇಳಿಡಿ. ಚಾ ಕುಡಿಯುವ ಅಂಗಡಿ ಕೆಲವು ದಿನ ಬದಲಾಯಿಸಿ, ಕೈ ತಾನಾಗೇ ಕೇಳುವುದು ಆ ಜಾಗದಲ್ಲೇ. ಒಮ್ಮೆ ಬಿಟ್ಟು ಮತ್ತೆ ಹಿಡಿದರೆ ಸೋತೆ ಅಂದುಕೊಳ್ಳಬೇಡಿ, ಮರುದಿನ ಬೆಳಿಗ್ಗೆ ಮತ್ತೆ ಫೋನ್ ಮಾಡಿ.